ಕಸಿಯಾಗಿ ಒಂದು ವರ್ಷ: ಅತ್ತಿಗೆಗೂ ಜೊತೆಗಿದ್ದ ಎಲ್ಲರಿಗೂ

ರಕ್ತದ ಕೋಶಗಳನ್ನೆಲ್ಲ ಹುಟ್ಟಿಸುವ ನನ್ನದೇ ಆಕರಕೋಶಗಳನ್ನು (ಸ್ಟೆಮ್ ಸೆಲ್) ನನಗೆ ಮರಳಿ ಕಸಿ ಮಾಡಿ ಇಂದಿಗೆ ಒಂದು ವರ್ಷ ತುಂಬಿತು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಪತ್ತೆಯಾದಂದಿನಿಂದ ನಡೆದದ್ದೆಲ್ಲ ನಿಮಗೆ ತಿಳಿದೇ ಇದೆ. ವೈದ್ಯರು, ವಾರ್ಡಿನ ದಾದಿಯರು, ರಕ್ತ ಕೊಟ್ಟ ಹಳೆಯ ವಿದ್ಯಾರ್ಥಿಗಳು, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಬೆಂಗಳೂರಿನಲ್ಲಿ ಮನೆಯನ್ನೇ ಬಿಟ್ಟುಕೊಟ್ಟ ಸೋದರಮಾವ, ಎಲ್ಲರಿಗೂ ನಾನು ಋಣಿ. ಆದರೆ ಈ ಬರಹದ ಹೆಚ್ಚಿನ ಪಾಲು ನನ್ನ ಅತ್ತಿಗೆಗೆ ಸಲ್ಲಬೇಕು.

ಕಸಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಆಕರಕೋಶಗಳು ಬೇಕು. ಅವುಗಳನ್ನು ಮೂಳೆಯೊಳಗಿನ ಮಜ್ಜೆಯಿಂದ ರಕ್ತಕ್ಕೆ ಇಳಿಸಲು ನಾಲ್ಕು ದಿನ ಚುಚ್ಚುಮದ್ದು ಪಡೆದ ಮೇಲೂ ಮೊದಲ ಸಂಗ್ರಹದಲ್ಲಿ ಅದರ ಅರ್ಧದಷ್ಟೂ ಸಿಗಲಿಲ್ಲ. ಅಂದು ರಾತ್ರಿ ಹತ್ತಕ್ಕೆ ಪ್ಲೆರಿಕ್ಸಾಫೋರ್ ಎಂಬ ಇನ್ನೊಂದು ಚುಚ್ಚುಮದ್ದು ಕೊಟ್ಟರು. ಮುಂದಿನ ಸಂಗ್ರಹಕ್ಕೆ ಬೆಳಿಗ್ಗೆ ಒಂಬತ್ತರವರೆಗೆ ಕಾಯಬೇಕಿತ್ತು. ಸೊಂಟದ ಮೂಳೆ ಒಳಗಿನಿಂದ ಸಿಡಿಯುವಂತೆ ನೋಯುತ್ತಿತ್ತು. ಪಕ್ಕದ ಹಾಸಿಗೆಯವರಿಗೆ ಎಚ್ಚರವಾಗದಿರಲೆಂದು ಅತ್ತಿಗೆ ಗಾಜಿನ ಬಳೆಗಳನ್ನು ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟು, ಬೆಳಗಿನ ಜಾವದವರೆಗೂ ನನ್ನ ಸೊಂಟಕ್ಕೆ ಅಂಗೈ ಒತ್ತಿ ಹಿಡಿದು ಕುಳಿತಿದ್ದರು.

“ಇಷ್ಟು ಮದ್ದು ಕೊಟ್ಟರೂ ಅವು ಯಾಕೆ ಹೊರಗೆ ಬರುವುದಿಲ್ಲ?” ಎಂದು ಕೇಳಿದರು. ಜೀವಶಾಸ್ತ್ರದ ಮೇಷ್ಟ್ರಾದ ನಾನು ನೋವಿನಲ್ಲೇ ಪಾಠ ಹೇಳಿದೆ: ಮಜ್ಜೆಯ ಪೋಷಕ ಕೋಶಗಳು ಸ್ರವಿಸುವ ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕವು ಆಕರಕೋಶಗಳ ಮೈಮೇಲಿನ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕಕ್ಕೆ ಕೂಡಿಕೊಂಡು ಅವುಗಳನ್ನು ಅಲ್ಲೇ ಉಳಿಸಿಕೊಳ್ಳುತ್ತದೆ, ರಾತ್ರಿ ಕೊಟ್ಟ ಈ ಚುಚ್ಚುಮದ್ದು ಆ ಗ್ರಾಹಕವನ್ನು ತಡೆದು ಹಿಡಿತ ಬಿಡಿಸುತ್ತದೆ. ಕ್ಯಾನ್ಸರ್ ಕೋಶಗಳು ಮಜ್ಜೆಯನ್ನು ಹುಡುಕಿಕೊಂಡು ಬರುವುದೂ ಅದೇ ಸಂಕೇತದ ಜಾಡಿನಲ್ಲಿ. ಬಂದವುಗಳಿಗೆ ಪೋಷಕ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನನ್ನು ಉಣಿಸಿ ಬೆಳೆಸುತ್ತವೆ. ಅದು ಮೈಲೋಮಾ ಕೋಶಗಳನ್ನು ಬೆಳೆಸುತ್ತದೆಂದು 1988ರಲ್ಲಿ ಜಪಾನಿನ ತದಾಮಿತ್ಸು ಕಿಶಿಮೊಟೊ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದನ್ನು ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೆ. ಅಂದು ಅದನ್ನು ಬಾಯಿಬಿಟ್ಟು ಹೇಳುವಾಗ ಅಳು ತಡೆಯಲಾಗಲಿಲ್ಲ. “ನನ್ನ ಮಜ್ಜೆಯೇ ಇದನ್ನು ಸಾಕಿದೆ ಅತ್ತಿಗೆ. ನನ್ನಿಂದ ಇನ್ನು ಆಗುವುದಿಲ್ಲ, ಊರಿಗೆ ಹೋಗಿಬಿಡೋಣ” ಎಂದೆ.

ಅವರು ಕೈ ತೆಗೆಯಲಿಲ್ಲ. ತುಸು ಹೊತ್ತು ಸುಮ್ಮನಿದ್ದು, “ಬಂದವರು ಯಾರೆಂದು ತಿಳಿಯದೆ ಉಣ್ಣಲು ಇಕ್ಕಿದೆ. ಅದರ ಮೇಲೆ ಸಿಟ್ಟಾಗಬೇಡ. ಬೆಳಿಗ್ಗೆ ಒಳ್ಳೆಯ ಕೋಶಗಳನ್ನೂ ಅದೇ ಕೊಡಬೇಕಲ್ಲ” ಎಂದರು. ರೋಗಿಯಾಗಿ ನನ್ನ ದೇಹವನ್ನು ಶತ್ರುವೆಂದು ಕಾಣುವುದನ್ನು ನಾನು ಬಿಟ್ಟದ್ದು ಆ ಮಾತಿನಿಂದ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಯಂತ್ರದ ಮೇಲಿನ ಚೀಲದಲ್ಲಿ ತಿಳಿಗೆಂಪು ದ್ರವ ಸೇರಿತ್ತು. ಎಣಿಕೆ ಸಾಕಾಗಿದೆ ಎಂದು ಸಂಜೆ ತಿಳಿದಾಗಲೇ ಅತ್ತಿಗೆ ಗಂಟು ಬಿಚ್ಚಿ ಬಳೆ ತೊಟ್ಟುಕೊಂಡರು.

ಈಗ ರಾತ್ರಿ, ರೋಗವನ್ನು ಹತೋಟಿಯಲ್ಲಿಡುವ ಲೆನಾಲಿಡೊಮೈಡ್ ಮಾತ್ರೆ ನುಂಗುತ್ತೇನೆ. ಒಂಬತ್ತು ಗಂಟೆಗೆ ಅವರ ಫೋನು ಬರುತ್ತದೆ, “ಮಾತ್ರೆ ಆಯಿತಾ?” ಎಂದು. ಆಯಿತು, ಅತ್ತಿಗೆ.