ರಿಚ್ಮಂಡ್ ರಿವರ್ ಹೈಸ್ಕೂಲಿಗೆ ನಮ್ಮ ನಮಸ್ಕಾರ

ನಮ್ಮ ಮಗಳ ಹನ್ನೆರಡನೇ ತರಗತಿ ಮುಗಿಯಿತು. ಶುಭ ಕೋರಿದ ಬಂಧುಮಿತ್ರರೆಲ್ಲರಿಗೂ ಧನ್ಯವಾದಗಳು. ಈ ಸಂತೋಷದಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಮಾತ್ರ ನಾವಿರುವ ಲಿಸ್ಮೋರ್‌ನ ಸರ್ಕಾರಿ ಶಾಲೆಗೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಈ ಊರಿಗೆ ನೆರೆ ಹೊಸದಲ್ಲ. 1954 ಮತ್ತು 1974ರಲ್ಲಿ ನದಿ 12 ಮೀಟರ್ ದಾಟಿತ್ತು. ಅದಕ್ಕಿಂತ ಮೇಲೆ ನೀರು ಏರಲಾರದೆಂದು ಹಲವರು ನಂಬಿದ್ದರು. 2022ರ ಫೆಬ್ರವರಿ 28ರಂದು ವಿಲ್ಸನ್ಸ್ ನದಿ 14.4 ಮೀಟರ್ ಮುಟ್ಟಿತು. ಸೂರು ಏರಿ ಕುಳಿತವರನ್ನು ದೋಣಿ ಇದ್ದ ಊರವರೇ ಹೋಗಿ ಇಳಿಸಿ ತಂದರು. ಉತ್ತರ ಲಿಸ್ಮೋರ್‌ನಲ್ಲಿದ್ದ ನಮ್ಮ ಶಾಲೆ ಮತ್ತೆ ಪಾಠ ನಡೆಸಲಾಗದಷ್ಟು ಹಾಳಾಯಿತು. ಮಾರ್ಚ್ ಮುಗಿಯುವ ಮೊದಲೇ ಊರಿಗೆ ಇನ್ನೊಮ್ಮೆ ನೀರು ನುಗ್ಗಿತು.

ಸಂತ್ರಸ್ತರಿಗೆ ಆಶ್ರಯ ಕೊಟ್ಟ ಸದರ್ನ್ ಕ್ರಾಸ್ ವಿಶ್ವವಿದ್ಯಾಲಯ ಊರಿನ ಶಾಲೆಗಳಿಗೂ ಜಾಗ ಬಿಟ್ಟುಕೊಟ್ಟಿತು. ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ಮುಂದೆ ಓದಿದ್ದೆಲ್ಲ ಬೇರೆಯವರ ಆವರಣದಲ್ಲಿ, ತಾತ್ಕಾಲಿಕ ಕೊಠಡಿಗಳಲ್ಲಿ.

ಅವಳ ಗಣಿತದ ಮೇಷ್ಟ್ರ ಮನೆಯೂ ಮುಳುಗಿತ್ತು. ಯಾರದೋ ರಬ್ಬರ್ ಬೂಟು ತೊಟ್ಟು ಬಂದು, ಮೊದಲು ಪ್ರತಿ ಮಗುವನ್ನೂ ಹತ್ತಿರ ಕರೆದು ‘ರಾತ್ರಿ ಎಲ್ಲಿ ಮಲಗುತ್ತಿದ್ದೀರಿ, ಊಟ ಆಯಿತೇ’ ಎಂದು ಕೇಳುತ್ತಿದ್ದರಂತೆ. ಬೀಜಗಣಿತ ಆಮೇಲೆ. ಇಂಥ ಗುರುಗಳಿಗೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿಯದು. ಕೈ ಮುಗಿಯುತ್ತೇನೆ.

ಕ್ಯಾಂಟೀನಿನಲ್ಲಿ ಸ್ವಯಂಸೇವೆಗೆ ಬರುತ್ತಿದ್ದ ಅಜ್ಜಿಯೊಬ್ಬರು ನಮ್ಮವಳು ಮಾಂಸ ತಿನ್ನುವುದಿಲ್ಲವೆಂದು ಗಮನಿಸಿ, ಯಾರೂ ಕೇಳದೆಯೇ ಅವಳಿಗೆಂದು ಚೀಸ್ ಸ್ಯಾಂಡ್‌ವಿಚ್ ಎತ್ತಿಡುತ್ತಿದ್ದರು. ಪೋಷಕರ ಸಂಘದವರು ಸಮವಸ್ತ್ರಗಳನ್ನು ಒಗೆದು, ಇಸ್ತ್ರಿ ಮಾಡಿ, ಅಳತೆ ಬರೆದ ಚೀಟಿ ಸಿಕ್ಕಿಸಿ ಮನೆಮನೆಗೆ ತಲುಪಿಸಿದರು. ತವರಿನಿಂದ ಇಷ್ಟು ದೂರದಲ್ಲಿ ನಮಗೆ ನೆಂಟರಿಲ್ಲವೆಂಬ ಕೊರಗು ಅಂದಿನಿಂದ ಹೋಯಿತು.

ಉತ್ತರ ಲಿಸ್ಮೋರ್‌ನಲ್ಲೇ ಎತ್ತರದ ಜಾಗದಲ್ಲಿ ಹೊಸ ಶಾಲೆ ಕಟ್ಟುವುದೆಂದು ಗೊತ್ತಾಗಿದೆ. ಅದರ ಗ್ರಂಥಾಲಯಕ್ಕೆ ಮಗಳ ಹೆಸರಿನಲ್ಲಿ ಪುಸ್ತಕಗಳನ್ನು ಕೊಡಲಿದ್ದೇವೆ. ಯಾವ ಪುಸ್ತಕ ಬೇಕೆಂದು ಆ ಮೇಷ್ಟ್ರನ್ನೇ ಕೇಳಿದ್ದೇವೆ.