ಹೊಟ್ಟೆನೋವಿನ ರೋಗಿಯ ಉಸಿರಾಟವನ್ನೂ ನೋಡಿ

ಎಲ್ಲ ಸಿಸ್ಟರ್, ಬ್ರದರ್‌ಗಳಿಗೆ ನಮಸ್ಕಾರ.

ಗುರುವಾರ ಮಧ್ಯಾಹ್ನ 2ಕ್ಕೆ, ಡ್ಯೂಟಿ ಬದಲಾಗುವ ಹೊತ್ತಿಗೆ, ಮೆಡಿಕಲ್ ವಾರ್ಡಿನಲ್ಲಿ ಅರ್ಧ ಗಂಟೆ ಸೇರೋಣ. ವಿಷಯ: ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ರೋಗಿಗಳ ಉಸಿರಾಟ.

ಬಳ್ಳಾರಿಯವರಿರಲಿ, ಸಿರುಗುಪ್ಪ, ಸಂಡೂರು ಕಡೆಯವರಿರಲಿ, ಹೊಟ್ಟೆನೋವು, ವಾಂತಿ ಅಂತಲೇ ಬರುತ್ತಾರೆ. ನಮ್ಮ ಗಮನವೂ ಹೊಟ್ಟೆಯ ಮೇಲೇ ಇರುತ್ತದೆ, ಅಲ್ವಾ? ಆದರೆ ಮೇದೋಜೀರಕ ಗ್ರಂಥಿ ಊದಿಕೊಂಡಾಗ ಅದರ ಕಿಣ್ವಗಳು, ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಶ್ವಾಸಕೋಶದ ಸಣ್ಣ ರಕ್ತನಾಳಗಳು ಸೋರಿ, ಗಾಳಿಚೀಲಗಳಲ್ಲಿ ನೀರು ತುಂಬಬಹುದು. ಹೆಚ್ಚಾಗಿ ಮೊದಲ ವಾರದಲ್ಲೇ ಹೀಗಾಗುವುದು. ಹಾಗಾಗಿ ನೋವು ಇಳಿದಿದೆ ಅಂತ ಸುಮ್ನೆ ಇರಬೇಡಿ.

ಇವತ್ತಿನಿಂದಲೇ ಇಷ್ಟು ಮಾಡಿ. ಉಸಿರಾಟವನ್ನು ಪೂರ್ತಿ 1 ನಿಮಿಷ ಎಣಿಸಿ. ಅಂದಾಜಿನ ಮೇಲೆ ಚಾರ್ಟಿನಲ್ಲಿ 20 ಅಂತ ಬರೆಯಬೇಡಿ, ದಯವಿಟ್ಟು. ಎಣಿಕೆ ಏರುತ್ತಾ ಹೋದರೆ ಅಥವಾ ರಕ್ತದ ಆಕ್ಸಿಜನ್ ಶೇ. 94ಕ್ಕಿಂತ ಇಳಿದರೆ ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ. ಡ್ರಿಪ್ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು, ಎರಡೂ ಲೆಕ್ಕ ಬೇಕು. ಡ್ರಿಪ್ ಜಾಸ್ತಿಯಾದರೂ ಶ್ವಾಸಕೋಶಕ್ಕೆ ತೊಂದರೆಯೇ.

ಬರುವವರು ಬುಧವಾರ ಸಂಜೆಯೊಳಗೆ ಇಲ್ಲಿ ಹೆಸರು ಹಾಕಿ. ರಾತ್ರಿ ಪಾಳಿಯವರು ನಿದ್ದೆಗೆಟ್ಟು ಬರುವುದು ಬೇಡ, ನಿಮಗೆ ಶುಕ್ರವಾರ ಬೆಳಿಗ್ಗೆ ಬೇರೆಯಾಗಿ ಹೇಳುತ್ತೇವೆ.