ಏಳನೇ ತರಗತಿಯ ಕೌದಿ: ಪೋಷಕರಿಗೆ ಒಂದು ಪತ್ರ

ಬೆಂಗಳೂರು

ಪ್ರಿಯ ಪೋಷಕರೇ,

ನಮಸ್ಕಾರ.

ಎರಡು ವಾರದಿಂದ ಏಳನೇ ತರಗತಿಯ ಮಕ್ಕಳು ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಕೂಡಿಸಿದ ಹೊದಿಕೆ, ಹೊಲಿಯುತ್ತಿದ್ದಾರೆ. ಸುದ್ದಿ ಮನೆಗೆ ಬಂದೇ ಇರುತ್ತದೆ, ಬೆರಳಿಗೆ ಸೂಜಿ ಚುಚ್ಚಿದ ಸುದ್ದಿಯೂ ಸೇರಿ. ಬೆರಳ ತುದಿಗೆ ಹಾಕುವ ಅಂಗುಸ್ತಾನ ತರಿಸಿದ್ದೇವೆ, ಚಿಂತೆ ಬೇಡ.

ಒಬ್ಬೊಬ್ಬರಿಗೆ ಒಂದು ಗೇಣು ಚೌಕದ ಬಟ್ಟೆ. ಅದರ ಮೇಲೆ ಯಾವ ತುಂಡು, ಯಾವ ಬಣ್ಣದ ದಾರ ಅನ್ನುವುದು ಅವರವರ ಇಷ್ಟ. ಮಾದರಿ ಕೊಟ್ಟಿಲ್ಲ. ಬೇಕೆಂದೇ ಕೊಟ್ಟಿಲ್ಲ.

ಹೋದ ಬುಧವಾರ ಒಬ್ಬ ಹುಡುಗ ಹಳೇ ಯೂನಿಫಾರ್ಮ್ ಚಡ್ಡಿಯ ಬೂದು ತುಂಡನ್ನು ಹಳದಿ ಬಟ್ಟೆ ಮೇಲಿಟ್ಟ. 'ಮಿಸ್, ಇದು ನೀಲಿ ಆಯ್ತು!' ಅಂತ ಕೂಗಿದ. ಎಲ್ಲರೂ ಓಡಿ ಬಂದರು. ನಿಜ, ಬೂದು ನೀಲಿಯ ಕಡೆ ವಾಲಿತ್ತು. ಕೆಂಪಿನ ಮೇಲಿಟ್ಟರೆ ಕೊಂಚ ಹಸಿರು. ತುಂಡು ಅದೇ, ಪಕ್ಕದ ಬಣ್ಣ ಬದಲಾದರೆ ಕಣ್ಣಿಗೆ ಬೇರೆ. ಇಡೀ ಪೀರಿಯಡ್ ಅದೇ ಆಟ ನಡೆಯಿತು, ನಾನೂ ತಡೆಯಲಿಲ್ಲ.

ಒಬ್ಬಳು ದಾರ ಜಾಸ್ತಿ ಎಳೆದು ಬಟ್ಟೆ ಸುಕ್ಕಾಯಿತು. ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತು ನೋಡಿ, ಮುಂದಿನ ಸಾಲನ್ನೂ ಹಾಗೇ ಎಳೆದಳು. ಈಗ ಅವಳ ಚೌಕ ಉತ್ತ ಹೊಲದಂತಿದೆ. ಮುಟ್ಟಿ ನೋಡಬೇಕು ನೀವು.

ಹಾವೇರಿ ಕಡೆಯ ಅಜ್ಜಿಯೊಬ್ಬರು ಬಂದು ಹೊಲಿಗೆ ಹೇಳಿಕೊಟ್ಟರು. ನಾವು ಸ್ಕೇಲು, ಪೆನ್ಸಿಲ್ ತೆಗೆದಿದ್ದೇ ತಡ, 'ಗೆರಿ ಹಾಕಬ್ಯಾಡ್ರಿ, ಕೈ ಹೋದಂಗ ಹೋಗ್ಲಿ' ಅಂದರು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳ ಚಿತ್ರಗಳನ್ನೂ ಮಕ್ಕಳಿಗೆ ತೋರಿಸಿದೆವು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು, ಅದಿಲ್ಲದೆ ಕೌದಿ ಮುಗಿಯದು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಒಂದು ಮಗುವಿನ ಹೊಲಿಗೆಯನ್ನು ಮನೆಯಲ್ಲಿ ಬಿಚ್ಚಿ, ಮಿಷನ್ನಿನಲ್ಲಿ ನೇರವಾಗಿ ಹೊಲಿದು ಕಳಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದು, ನನಗೆ ಗೊತ್ತು. ಆದರೆ ಮಗು ಅದನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. 'ಇದು ನಂದಲ್ಲ ಮಿಸ್' ಅಂತು. ದಯವಿಟ್ಟು ಬಿಚ್ಚಬೇಡಿ. ಸೊಟ್ಟ ಇದ್ದರೆ ಸೊಟ್ಟವೇ ಇರಲಿ. ಇದಕ್ಕೆ ಅಂಕವೂ ಇಲ್ಲ.

ಸೋಮವಾರ ಹಳೇ ಕಾಟನ್ ಬಟ್ಟೆ ಕಳಿಸಿ. ಸೀರೆ, ಪಂಚೆ, ಶರ್ಟು, ಏನಾದರೂ ಸರಿ. ಬನಿಯನ್ ಬಟ್ಟೆ ಹಿಗ್ಗುತ್ತದೆ, ನೈಲಾನ್ ಜಾರುತ್ತದೆ, ಅವು ಬೇಡ. ಬಣ್ಣ ಬಿಡುವ ಬಟ್ಟೆಯಾದರೆ ಒಮ್ಮೆ ಒಗೆದು ಕೊಡಿ. ಹೊಸದು ಕೊಳ್ಳಲು ಚಿಕ್ಕಪೇಟೆಗೆ ಹೋಗಬೇಡಿ. ಬೀದಿಯ ಟೈಲರ್ ಅಂಗಡಿಯಲ್ಲಿ ಕೇಳಿದರೆ ಚೂರುಬಟ್ಟೆ ಸುಮ್ನೆ ಕೊಡುತ್ತಾರೆ. ಅಜ್ಜಿಯ ಸೀರೆ ಕಳಿಸುವುದಾದರೆ, ಅವರು ಅದನ್ನು ಯಾವಾಗ ಉಡುತ್ತಿದ್ದರು ಅಂತ ಮಗುವಿಗೆ ಹೇಳಿ ಕಳಿಸಿ.

ಮುಂದಿನ ಶನಿವಾರ ಬೆಳಿಗ್ಗೆ 10ಕ್ಕೆ ಎಲ್ಲ ಚೌಕಗಳನ್ನೂ ಕೂಡಿಸುತ್ತೇವೆ. ಬನ್ನಿ. ಸೂಜಿ ಹಿಡಿಯಲು ಬರದಿದ್ದರೆ ಮಕ್ಕಳು ಹೇಳಿಕೊಡುತ್ತಾರೆ. ಮೂಲೆಯ ನಾಲ್ಕು ಹೂವುಗಳನ್ನು ನಿಮಗಂತಲೇ ಬಿಟ್ಟಿದ್ದೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ